ಸದ್ದಡಗಿದ ಭಾನುವಾರ

ಹುಣಸೂರು
14-4-1958

ಗೆಳೆಯ ಸಲೀಮ,

ನೀಲಕಂಠಸ್ವಾಮಿಯ ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನನ್ನು ಕೇಳಿದ್ದಾಗಿ ಬರೆಯಲು ನಮ್ಮ ಮನೆಯಾಕೆ ಮಂಗಳ ಹೇಳಿದಳು. ಕಳೆದ ಮೂರು ಭಾನುವಾರವೂ ನೀನು ನೈರೋಬಿಯಿಂದ ರೇಡಿಯೋ ಸೆಟ್ಟಿನಲ್ಲಿ ನನ್ನನ್ನು ಕರೆದು ಕರೆದು ಸುಮ್ಮನಾಗಿರುತ್ತೀಯ. ನನ್ನ ಸೆಟ್ಟು ಕೆಟ್ಟಿಲ್ಲ, ನಾನೇ ಹಾಕಿಲ್ಲ. ಕಾಗದವೂ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ರೇಡಿಯೋದಲ್ಲಿ ಆಡಿದ್ದನ್ನು ಯಾರು ಬೇಕಾದರೂ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಹಿಂದಿನ ಭಾನುವಾರ ನಿನ್ನ ಅಮ್ಮ ಬಂದ ಆ ಮಧ್ಯಾಹ್ನದ ವಿಷಯ. ಮಗನ ದನಿ ಕೇಳಿಸುತ್ತೇನೆಂದು ನಾನೇ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ರೋಜಾ ಉಪವಾಸವಿದ್ದರೂ ಬಿಸಿಲಲ್ಲಿ ನಡೆದು ಬಂದರು. ನನ್ನ ಅಂಗಡಿ ತುಂಬ ಜನ. ಹೊಗೆಸೊಪ್ಪಿನ ವ್ಯಾಪಾರಿ ನಂಜಣ್ಣ ಬೆಂಚಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. "ನೀಲಕಂಠ, ಅಮ್ಮೀ ಬಂದವ್ರಾ?" ಎಂದು ನೀನು ಕೇಳಿದ್ದು ಪಕ್ಕದ ಮನೆಯಿಂದ ಬಂದಷ್ಟು ಚೆನ್ನಾಗಿತ್ತು. ಸ್ಪೀಕರಿಗೆ ತಿರುಗಿಸುವಷ್ಟರಲ್ಲಿ ಎಲ್ಲ ಅಡಗಿತು. ನೀನೊಬ್ಬನೇ ಅಲ್ಲ, ಯಾವ ಸ್ಟೇಷನ್ನೂ ಇಲ್ಲ. ವಾಲ್ವು ಬದಲಿಸಿದೆ, ಛಾವಣಿ ಹತ್ತಿ ಏರಿಯಲ್ ತಂತಿ ಜಗ್ಗಿ ನೋಡಿದೆ. ಮೇಲಿದ್ದಾಗಲೇ ನಗು ಕೇಳಿಸಿತು.

ಇಳಿದು ಬಂದು, "ಇದು ಸೂರ್ಯನ ಕಾಟ ಇರ್ಬೇಕು ಕಣ್ರೀ. ಅವನ ಮೈಮೇಲೆ ಕಲೆಗಳವೆ. ಅಲ್ಲಿ ಸಿಡಿದ್ರೆ ಇಲ್ಲಿ ರೇಡಿಯೋ ಅಡಗ್ತದೆ" ಎಂದೆ.

"ಅಂಗಾದ್ರೆ ಸೂರ್ಯಂಗೆ ವಾಲ್ವು ಬದ್ಲಿಸ್ಲಾ!" ಎಂದ ನಂಜಣ್ಣ. ಇನ್ನೂ ನಕ್ಕರು.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಮಾರನೆಯ ದಿನ ಕೊಲಂಬೊದಿಂದ ನಮ್ಮಂಥ ರೇಡಿಯೋ ಹವ್ಯಾಸಿಯೊಬ್ಬರು ಸೆಟ್ಟಿನಲ್ಲಿ ಸಿಕ್ಕಿ, ತಮಗೂ ಅದೇ ಗಳಿಗೆಯಲ್ಲಿ ಎಲ್ಲ ಮೂಕವಾಯಿತೆಂದರು. ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದು, ನಮ್ಮ ಅಲೆಗಳನ್ನು ಹಿಂದಿರುಗಿಸುವ ಆಕಾಶದ ಮೇಲಿನ ಪದರದ ಕೆಳಗೆ ಇನ್ನೊಂದು ಪದರ ದಟ್ಟವಾಗಿ, ದನಿಯನ್ನೆಲ್ಲ ಹೀರಿಕೊಂಡಿತಂತೆ. ಆದರೆ ಆ ಕಲೆಗಳು ಹೆಚ್ಚಿದ್ದರೇ ದೂರದ ದನಿ ಚೆನ್ನಾಗಿ ಬರುವುದು, ಅವು ಹೆಚ್ಚಿರುವ ಈ ಎರಡು ವರ್ಷದಲ್ಲೇ ನೀನು ನನಗೆ ಇಷ್ಟು ಚೆನ್ನಾಗಿ ಸಿಕ್ಕಿದ್ದು. ಸೂರ್ಯನನ್ನು ಬಯ್ಯುವ ಬಾಯಿಯೂ ನನಗಿಲ್ಲ.

ಆ ದಿನ ನಿನ್ನ ಅಮ್ಮ ಮಾತ್ರ ನಗಲಿಲ್ಲ. "ನನ್ ಮ್ಯಾಲೆ ಸಿಟ್ಟಾ ಅವಂಗೆ? ಅಪ್ಪ ತೀರ್ಕೊಂಡಾಗ ಬರ್ಲಿಲ್ಲ ಅಂತ ಬೈದು ಕಾಗ್ದ ಬರ್ಸಿದ್ದೆ. ಅದಕ್ಕೇ ಮಾತಾಡಾಕಿಲ್ವಾ?" ಎಂದರು. ಸಮಾಧಾನ ಹೇಳಿ ಕಳಿಸಿದೆ.

ನಿನಗೆ ರಜೆ ಯಾವಾಗ ಸಿಗುತ್ತದೆ? ಬೊಂಬಾಯಿಯ ಹಡಗು ತಿಂಗಳಿಗೆ ಎಷ್ಟು ಸಲ? ತಿಳಿಸು. ಆರೋಗ್ಯ ನೋಡಿಕೋ. ನೀನು ನಂಬಿದ ದೇವರೂ ನಾನು ನಂಬಿದ ದೇವರೂ ನಿನ್ನನ್ನು ಕಾಯಲಿ.

ನಿನ್ನ
ನೀಲಕಂಠಸ್ವಾಮಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸಮಾಧಾನ ಹೇಳಿದೆ ಎಂದೆನಲ್ಲ, ಅದು ಇದು. ಹೆಡ್‌ಫೋನ್ ಮತ್ತೆ ಕಿವಿಗೆ ಒತ್ತಿಕೊಂಡು ಏನೂ ಕೇಳಿಸದಿದ್ದರೂ ತಲೆದೂಗಿದೆ. "ಸಿಕ್ದ ಕಣಮ್ಮ. ಬಕ್ರೀದ್‌ಗೆ ಮನೆಗೆ ಬತ್ತಾನಂತೆ" ಎಂದೆ. ನಗುತ್ತಿದ್ದವರು ಸುಮ್ಮನಾದರು. ಅಮ್ಮ ಹೆಡ್‌ಫೋನ್ ಈಸಿಕೊಂಡರು. ಬರಿಯ ಸುಯ್ ಎನ್ನುವ ಸದ್ದು. ಸುಮಾರು ಹೊತ್ತು ಅದನ್ನೇ ಕೇಳಿಸಿಕೊಂಡು, "ಉಸಿರು ಬಿಡ್ತಾವ್ನೆ ನನ್ ಮಗ" ಎಂದರು.

ಅವರ ಕಣ್ಣೀರು ನೋಡಲಾರದೆ ಹೇಳಿದೆನೆಂದು ಮಂಗಳಳಿಗೆ ಹೇಳಿದ್ದೇನೆ. ನಿನಗೆ ಹಾಗೆ ಬರೆಯಲಾರೆ. ನಂಜಣ್ಣ ನಕ್ಕಿರದಿದ್ದರೆ ನಾನು ಸುಳ್ಳಾಡುತ್ತಿರಲಿಲ್ಲ.

ಈಗ ನೀನು ಬರುತ್ತೀಯೆಂದು ಅಮ್ಮ ಮನೆಗೆ ಸುಣ್ಣ ಬಳಿಸುತ್ತಿದ್ದಾರೆ. ನಂಜಣ್ಣನೂ ಎದುರು ಸಿಕ್ಕಾಗ ನೀನು ಬರುವ ದಿನ ಕೇಳುತ್ತಾನೆ. ನಿಜ ಹೇಳಲೆಂದೇ ನಿನ್ನೆ ನಿಮ್ಮ ಮನೆಗೆ ಹೋದೆ. ದರ್ಜಿ ಗೌಸ್ ಬಂದು ಕೂತಿದ್ದ, ನಿನಗೆ ಹಬ್ಬದ ಶೇರ್ವಾನಿ ಹೊಲಿಯಬೇಕಂತೆ. "ನಮ್ ಸಲೀಂದೂ ನಿಂದೂ ಒಂದೇ ಮೈಕಟ್ಟು, ನಿಂತ್ಕೋ ಬಾಪ್ಪ" ಎಂದರು ಅಮ್ಮ. ಗೌಸ್ ಟೇಪು ಬಿಚ್ಚಿ, "ತೋಳ್ ಚಾಚಿ ಸಾಮಿ" ಎಂದ.

ಚಾಚಿದೆ.