ಹನ್ನೆರಡು ಎಡಗಡೆ ಚಕ್ರಗಳು

ಅವಲಪಲ್ಲಿ, ಹೊಸೂರು
೨೩ ಜೂನ್ ೨೦೨೪, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕೈ ಹೇಗಿದೆ? ಮೊದಲು ಅದನ್ನು ತಿಳಿಸು. ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ದಿನವಿಡೀ ಹಣ್ಣು ಸುಲಿದು ಸುಲಿದು ನಿನ್ನ ಬೆರಳ ಸಂದೆಲ್ಲ ಹುಣ್ಣಾಗಿದೆ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗುತ್ತೀಯ ಎಂದು ದೇವರಾಜು ಹೇಳಿದ. ಸೋದರಮಾವನ ಮಗನಾದರೂ ಅವನ ಬಾಯಿಂದ ಒಂದು ಮಾತು ಹೊರಡಿಸುವುದು ಎಷ್ಟು ಕಷ್ಟ ಎಂದು ನಿನಗೇ ಗೊತ್ತು. ಇದನ್ನು ಮಾತ್ರ ಟೆಂಪೊ ನಿಲ್ಲಿಸಿ, ಒಳಗೆ ಬಂದು, ಅಮ್ಮನಿಗೆ ಕೇಳಿಸದ ಹಾಗೆ ಹೇಳಿಹೋದ. ಈ ಕಾಗದದ ಜೊತೆ ಅವನ ಕೈಯಲ್ಲೇ ಒಂದು ಮುಲಾಮು ಕಳಿಸುತ್ತಿದ್ದೇನೆ. ನನ್ನ ಮೇಲಿನ ಸಿಟ್ಟಿಗೆ ಅದನ್ನು ತಿಪ್ಪೆಗೆ ಎಸೆಯಬೇಡ. ಅಮ್ಮನ ಸಕ್ಕರೆ ಒಂದು ದಿನ ಏರುತ್ತದೆ, ಒಂದು ದಿನ ಇಳಿಯುತ್ತದೆ. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ "ಶರ್ಮಿಳಾ ಫೋನ್ ಮಾಡಿದ್ಲೇನೇ" ಎಂದು ಕೇಳುತ್ತಾಳೆ. "ಮಾಡಿದ್ಲು ಕಣಮ್ಮ, ಚೆನ್ನಾಗವ್ಳೆ" ಎನ್ನುತ್ತೇನೆ. ಎರಡು ತಿಂಗಳಿಂದ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಕಾಗದ. ನೀನಿರುವ ದೊಡ್ಡಮ್ಮನ ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ, ಅದೂ ಒಳ್ಳೆಯದೇ ಆಯಿತು. ಇದು ನೀನೊಬ್ಬಳೇ ಓದುವ ಕಾಗದ.

ಪಕ್ಕದ ಮನೆಗೆ ಮಂಡ್ಯದ ಕಡೆಯವರು ಬಾಡಿಗೆಗೆ ಬಂದಿದ್ದಾರೆ. ಆ ಚೆಲುವಮ್ಮ ಮೊನ್ನೆ ಕೇಳಿದರು, ಆಟದ ಕಾರಿನ ಚಕ್ರಕ್ಕೆ ಇಷ್ಟೊಂದು ರಂಪವೇ, ನಿಮ್ಮಕ್ಕನ ಕೆಲಸವನ್ನೇ ತೆಗೆಯುವಷ್ಟು, ಎಂದು. ನನಗೆ ಮೈಯೆಲ್ಲ ಉರಿದುಹೋಯಿತು. ಅದು ಮಕ್ಕಳು ಆಡುವ ಕಾರಲ್ಲ, ದೊಡ್ಡವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಕಾರು, ಮೊಳಕ್ಕಿಂತ ಉದ್ದ, ಹಳೆಯ ಕಾಲದ ನಿಜವಾದ ಕಾರಿನಲ್ಲಿ ಏನೇನಿತ್ತೋ ಅದೆಲ್ಲ ಇರಬೇಕು ಎಂದೆ. ಅಂಗೈಯಗಲದ ಚಕ್ರಕ್ಕೆ ಎಪ್ಪತ್ತೆರಡು ತಂತಿ ಕಡ್ಡಿ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ನಡುವಿನ ಹಬ್‌ನಿಂದ ರಿಮ್ಮಿನ ತೂತಿಗೆ ಪೋಣಿಸಿ, ಬಿಗಿದು, ತುದಿಗೆ ಸೂಜಿಮೊನೆಯಷ್ಟು ಅಂಟು ಇಡಬೇಕು ಎಂದೆ. ಬಲಗಡೆ ಚಕ್ರದಲ್ಲಿ ಕಡ್ಡಿ ಒಂದು ಕಡೆ ವಾಲಿದರೆ ಎಡಗಡೆ ಚಕ್ರದಲ್ಲಿ ಅದರ ತದ್ವಿರುದ್ಧ ವಾಲಬೇಕು ಎಂದೂ ಹೇಳಿದೆ. "ಅಷ್ಟ್ ಸಣ್ಣದು ಯಾರ್ಗ್ ಕಾಣ್ತದೆ ಬುಡವ್ವ" ಎಂದರು. ಕಾಣುವವರಿಗೆ ಕಾಣುತ್ತದೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಬಾಗಿಲು ಹಾಕಿಕೊಂಡ ಮೇಲೆ ಅತ್ತೆ.

ಆ ದಿನದ ವಿಷಯ ಬರೆಯುತ್ತೇನೆ, ಪೂರ್ತಿ ಓದು. ಫೆಬ್ರವರಿಯಲ್ಲಿ ಅಮ್ಮನಿಗೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂತೆಂದು ನೀನು ಮಧ್ಯಾಹ್ನವೇ ಮೂಕಂಡಪಲ್ಲಿಯ ಯೂನಿಟ್ಟಿನಿಂದ ಆಟೋ ಹಿಡಿದು ಮನೆಗೆ ಓಡಿದೆಯಲ್ಲ, ಆ ದಿನ. ನಾನು ಎಡಗಡೆಯ ಹನ್ನೆರಡು ಚಕ್ರ ಮುಗಿಸಬೇಕಿತ್ತು. ನಮ್ಮ ಯೂನಿಟ್ಟಿನ ಪದ್ಧತಿ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮುಗಿದ ಚಕ್ರಕ್ಕೆ ಅವರವರ ಬಣ್ಣದ ದಾರ ಕಟ್ಟಬೇಕು, ಹದಿನಾಲ್ಕು ಹೆಂಗಸರಿಗೆ ಹದಿನಾಲ್ಕು ಬಣ್ಣ, ಹೊರದೇಶದಲ್ಲಿ ಕಾರಿಗೆ ಕೂಡಿಸುವವರೇ ಅದನ್ನು ಕತ್ತರಿಸಬೇಕು. ನಿನ್ನದು ಕೆಂಪು, ನನ್ನದು ಹಸಿರು. ಸೂಪರ್‌ವೈಸರ್ ಚನ್ನಕೇಶವ ನಿನ್ನ ಕೆಂಪು ದಾರ ಕಂಡರೆ ಸಾಕು, ಲೆನ್ಸ್ ಎತ್ತುತ್ತಲೇ ಇರಲಿಲ್ಲ, ಹಾಗೇ ಡಬ್ಬಿಗೆ ಇಡುತ್ತಿದ್ದ. ನನ್ನ ಹಸಿರನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ, ಎಲ್ಲರಿಗೂ ಕೇಳಿಸುವ ಹಾಗೆ "ಅಕ್ಕನ ಕೈ ತಂಗಿಗೆ ಬರ್ಲಿಲ್ವಲ್ಲಮ್ಮ" ಎನ್ನುತ್ತಿದ್ದ. ನೀನೂ ನಗುತ್ತಿದ್ದೆ. ನಿನ್ನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ನನ್ನ ಹೊಟ್ಟೆ ಉರಿಯುತ್ತಿತ್ತು ಅಕ್ಕಾ. ಇವತ್ತು ಮುಚ್ಚಿಟ್ಟು ಏನಾಗಬೇಕು?

ಅವತ್ತು ಹನ್ನೆರಡಕ್ಕೂ ನಿನ್ನ ಕೆಂಪು ದಾರ ಕಟ್ಟಿದವಳು ನಾನೇ. ನಿನ್ನ ರೀಲು ಮೇಜಿನ ಮೇಲೇ ಇತ್ತು. ಅವನು ನೋಡದೆ ಇಟ್ಟುಕೊಳ್ಳಲಿ, ಆಮೇಲೆ ಒಂದು ದಿನ ಅದೆಲ್ಲ ನನ್ನದೆಂದು ಹೇಳಿ ಅವನ ಮುಖ ನೋಡೋಣ ಎಂದುಕೊಂಡಿದ್ದೆ. ನೋಡದೆಯೇ ಇಟ್ಟ. ಆದರೆ ನಾನು ಬೆಳಿಗ್ಗೆ ಬಲಗಡೆ ಚಕ್ರಕ್ಕೆ ಇಟ್ಟಿದ್ದ, ಕಡ್ಡಿ ಯಾವ ಕಡೆ ವಾಲಬೇಕೆಂದು ತೋರಿಸುವ ಅಚ್ಚಿನ ತಟ್ಟೆಯನ್ನು ಮಗುಚಿಹಾಕುವುದನ್ನೇ ಮರೆತಿದ್ದೆ. ಎಡಗಡೆಯವು ಎಂದು ಮಾಡಿದ ಹನ್ನೆರಡೂ ಬಲಗಡೆಯವೇ ಆಗಿದ್ದವು. ಚಕ್ರ ಹೆಣೆಯಲು ಕೂತ ಮೊದಲ ದಿನವೇ ನೀನು ನನಗೆ ಕಲಿಸಿದ್ದು ಅದನ್ನು, "ಕಡೆ ಬದ್ಲಾದಾಗ ತಟ್ಟೆ ಮಗುಚ್ದೆ ಕಡ್ಡಿ ಮುಟ್ಬ್ಯಾಡ ಕಣೇ" ಎಂದು.

ಏಪ್ರಿಲ್‌ನಲ್ಲಿ ಡಬ್ಬಿ ವಾಪಸು ಬಂದು ಚನ್ನಕೇಶವ ಹನ್ನೆರಡನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಾಗ, ಡಬ್ಬಿಯ ಮೇಲಿನ ತಾರೀಕು ನೋಡಿ ನೀನು ಹೇಳಿದೆ, "ಅವತ್ತ್ ಮಧ್ಯಾನ ನಾನಿರ್ಲೇ ಇಲ್ಲ ಸಾರ್" ಎಂದು. ಅವನು ದಾರ ತೋರಿಸಿದ. ಹಾಜರಿ ರಿಜಿಸ್ಟರ್ ತೆಗೆದು ನೋಡಲು ಒಪ್ಪಲಿಲ್ಲ, ತೆಗೆದರೆ ನೀನಿಲ್ಲದ ಹೊತ್ತಿನ ಕೆಂಪು ದಾರವನ್ನು ತಾನು ಪರೀಕ್ಷೆ ಮಾಡದೆ ಕಳಿಸಿದ್ದೂ ಬಯಲಾಗುತ್ತಿತ್ತಲ್ಲ. ಆಗ ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿಕೊಂಡು ಮೇಜು ಒರೆಸುತ್ತಿದ್ದೆ. ನಿನಗೆ ಆಗಲೇ ತಿಳಿದುಹೋಯಿತು, ಅಲ್ಲವೇ? ತಿಳಿದೂ ನನ್ನ ಹೆಸರು ಎತ್ತಲಿಲ್ಲ. ತಪ್ಪು ಒಪ್ಪಿಕೊಂಡು ಸಹಿ ಹಾಕಿದರೆ ಕೆಲಸದಲ್ಲಿ ಇರು, ಇಲ್ಲದಿದ್ದರೆ ಹೊರಡು ಎಂದು ಅವನು ಅಂದಾಗ, "ಮಾಡ್ದಿರೋ ತೆಪ್ಪಿಗೆ ನನ್ ಹೆಸ್ರು ಬರ್ಯಲ್ಲ" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟೆ. ಮನೆಯಲ್ಲೂ ನನ್ನನ್ನು ಬೈಯಲಿಲ್ಲ. ಎರಡು ಕೆನ್ನೆಗೆ ಬಾರಿಸಿದ್ದರೆ ನಾನು ಅವತ್ತೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀನು ಸುಮ್ಮನೆ ಬಟ್ಟೆ ಮಡಚಿ ಬ್ಯಾಗಿಗೆ ಹಾಕಿಕೊಂಡು ದೊಡ್ಡಮ್ಮನ ಊರಿನ ಬಸ್ಸು ಹತ್ತಿದೆ. ಅಕ್ಕನಿಗೆ ಕೋಪ ಜಾಸ್ತಿ ಎಂದು ನಾನೇ ಅಮ್ಮನಿಗೆ ಹೇಳಿದೆ, ನೋಡು ನನ್ನ ಯೋಗ್ಯತೆ.

ಈಗ ಹೊರದೇಶದವರು ಪಟ್ಟು ಹಿಡಿದಿದ್ದಾರೆ. ತಪ್ಪು ಯಾರದು, ಯಾಕಾಯಿತು ಎಂದು ಬರೆದು, ಮಾಡಿದವರ ಸಹಿಯೊಂದಿಗೆ ಕಳಿಸಿದರೆ ಮಾತ್ರ ಮುಂದಿನ ಆರ್ಡರ್ ಅಂತೆ. ಅದು ಬರುವವರೆಗೆ ಕೆಲಸವಿಲ್ಲ. ಹದಿನೈದು ದಿನದಿಂದ ಹೆಂಗಸರೆಲ್ಲ ಬಂದು, ಮೇಜು ಒರೆಸಿ, ಮುಖ ಮುಖ ನೋಡಿಕೊಂಡು ಹೋಗುತ್ತಿದ್ದಾರೆ. ಮುನಿಯಲ್ಲಪ್ಪನ ಸೊಸೆ ನನ್ನ ಎದುರಿಗೇ "ಒಬ್ಳ ಜಂಬಕ್ಕೆ ಎಲ್ರ ಹೊಟ್ಟೆ ಮೇಲ್ ಹೊಡ್ದವ್ಳೆ" ಎಂದು ನಿನ್ನನ್ನು ಅಂದಳು. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಚನ್ನಕೇಶವ ಕಾಗದವನ್ನು ನನ್ನ ಕೈಗೆ ಕೊಟ್ಟು, ನಿಮ್ಮಕ್ಕನ ಸಹಿ ಹಾಕಿಸು, ಒಂದನೇ ತಾರೀಕಿನಿಂದ ಅವಳ ಜಾಗ ಅವಳಿಗೆ ಎಂದಿದ್ದಾನೆ. ನೀನು ಸಹಿ ಹಾಕಬೇಡ ಅಕ್ಕಾ. ಒಂದನೇ ತಾರೀಕು, ಸೋಮವಾರ, ಬಂದುಬಿಡು. ಎಲ್ಲರ ಎದುರಿಗೆ ನಾನೇ ನಿಂತು, ದಾರ ಕಟ್ಟಿದವಳು ನಾನು, ತಟ್ಟೆ ಮರೆತವಳು ನಾನು ಎಂದು ಹೇಳುತ್ತೇನೆ. ನನ್ನನ್ನು ಕತ್ತು ಹಿಡಿದು ದಬ್ಬಿದರೂ ಸರಿ. ನಿನ್ನ ಹೆಸರು ಚೊಕ್ಕಟವಾಗಲಿ, ಆ ಕೈ ಮತ್ತೆ ಹಣ್ಣಿನ ರಸದಲ್ಲಿ ನೆನೆಯದಿರಲಿ. ನನಗೆ ಬೇರೆ ಏನೂ ಬೇಡ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹೊತ್ತು ಹೊತ್ತಿಗೆ ಉಣ್ಣಬೇಕಂತೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ. ಕ್ಷಮಿಸು ಎಂದು ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ.

ನಿನ್ನ ತಂಗಿ,
ಜಯಂತಿ

ಇನ್ನೊಂದು ಮಾತು: ದೇವರಾಜು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಕ್ಕಾ, ಆ ಕಾಗದಕ್ಕೆ ಸಹಿ ಆಗಿಹೋಗಿದೆ. ಮೊನ್ನೆ ಶುಕ್ರವಾರ ಸಂಜೆಯೊಳಗೆ ಅದು ಬರದಿದ್ದರೆ ಆರ್ಡರ್ ಬೇರೆಯವರಿಗೆ ಎಂದರು. ನಿನ್ನ ಹತ್ತಿರ ಬರುತ್ತೇನೆಂದು ಮಧ್ಯಾಹ್ನವೇ ಹೊರಟೆ, ದೊಡ್ಡಮ್ಮನ ಊರಿಗೆ ಹೋಗುವ ಕೃಷ್ಣಗಿರಿ ಬಸ್ಸು ಮೂರು ಹೋದವು, ಹತ್ತಲು ಧೈರ್ಯ ಬರಲಿಲ್ಲ. ಬಸ್ ಸ್ಟಾಂಡಿನ ಬೆಂಚಿನ ಮೇಲೆ ಕೂತು ನಿನ್ನ ಹೆಸರನ್ನು ನಾನೇ ಬರೆದೆ, ನೀನು ಹಾಕಿಕೊಟ್ಟೆ ಎಂದು ಹೇಳಿ ಕೊಟ್ಟುಬಿಟ್ಟೆ. ಅವತ್ತೇ ಅದನ್ನು ಕಳಿಸಿದ್ದಾರೆ. ಈಗ ನಾನು ನಿಜ ಹೇಳಿದರೆ ಇದೂ ಹೊರಗೆ ಬೀಳುತ್ತದೆ. ಮೇಲೆ ಬರೆದ ಹಾಗೆ ನಿಂತು ಹೇಳಲು ನನ್ನಿಂದ ಆಗುವುದಿಲ್ಲ ಅಕ್ಕಾ. ಸೋಮವಾರ ಬಾ. ಕೇಳಿದರೆ, ಸಹಿ ನಿನ್ನದೇ ಅನ್ನು.