ಒಗೆಯುವ ಕಲ್ಲು

ಅಮ್ಮಾ,

ಈಗ ಸಂಜೆ ಏಳು ಗಂಟೆ. ಇಡೀ ದಿನ ಹೊಳೆಯ ಹತ್ತಿರವೇ ಕಳೆಯಿತು. ಜಲ್ಲಿ ತೆಗೆದು ತೆಗೆದು ಹೊಳೆಯ ತಳ ಎಷ್ಟು ಇಳಿದಿದೆಯೆಂದರೆ, ದಡದಲ್ಲಿ ನೀನು ಬಟ್ಟೆ ಒಗೆಯುತ್ತಿದ್ದ ಕಲ್ಲು ಈಗ ನೀರಿಗಿಂತ ಆಳೆತ್ತರ ಮೇಲಿದೆ. ನಮ್ಮ ಬಾವಿಯೂ ಹೊಳೆಯ ಹಿಂದೆಯೇ ಇಳಿಯಿತು. ಸೇದಿದರೆ ಕೊಡದ ತುಂಬ ಕೆಸರು.

ಬೆಳಿಗ್ಗೆ ಜಲ್ಲಿ ಮೇಸ್ತ್ರಿ ಬಂದಿದ್ದ. ನಮ್ಮ ಹೊಲದೊಳಗೆ ಲಾರಿ ಓಡಿಸಲು ಇನ್ನೊಂದು ವರ್ಷ ಒಪ್ಪಿಗೆ ಬೇಕಂತೆ. ನಾನು ಕಲ್ಲನ್ನು ತೋರಿಸಿದೆ. ಅವನು ನಕ್ಕ.

"ಏಣಿ ಹಾಕ್ಕೊಂಡು ಒಗೀರಿ ಅಕ್ಕಾ."

"ಏಣಿ ಯಾಕಪ್ಪಾ, ಕಲ್ಲನ್ನೇ ಬೇರೆ ಕಡೆ ಇಡ್ತೀನಿ" ಅಂದೆ.

ಚಿಕ್ಕಪ್ಪ "ದೊಡ್ಡವರ ತಂಟೆ ನಮಗ್ಯಾಕೆ" ಎಂದು ಗೊಣಗುತ್ತಲೇ ಹಾರೆ ತಂದರು. ಪಕ್ಕದ ಮನೆಯವರೂ ಕೈ ಜೋಡಿಸಿದರು. ಎಲ್ಲರೂ ಸೇರಿ ಕಲ್ಲನ್ನು ಉರುಳಿಸಿಕೊಂಡು ಹೋಗಿ ಲಾರಿಯ ದಾರಿಗೆ ಅಡ್ಡ ಇಟ್ಟೆವು. ನೀನು ಒಗೆದು ಒಗೆದು ಸವೆದ ತಗ್ಗು ಅದರಲ್ಲಿ ಹಾಗೇ ಇದೆ.

ಹಾಸಿಗೆ ಹಿಡಿದ ಮೇಲೆ ನೀನು ಒಮ್ಮೆ ಹೊಳೆ ನೋಡಬೇಕು ಅನ್ನುತ್ತಿದ್ದೆ. ನಾನು ನಾಳೆ ಹೋಗೋಣ ಅನ್ನುತ್ತಿದ್ದೆ.

ಮೊದಲ ಲಾರಿ ಬರುವುದು ಆರು ಗಂಟೆಗೆ. ನಾಳೆ ಅದಕ್ಕಿಂತ ಮುಂಚೆಯೇ ನಾನು ಆ ಕಲ್ಲಿನ ಮೇಲೆ ಕೂತಿರುತ್ತೇನೆ.