ಹನ್ನೆರಡು ನಿಮಿಷ ತಡ

ಮಾರ್ಚ್ ೧೨, ಗುರುವಾರ. ನಾರ್ಫೋಕ್.

ತಕರಾರು ವಜಾ ಆಯಿತು. ಮಧ್ಯಾಹ್ನ ವಕೀಲ ಆಸ್ಟ್ರಾಂಡರ್ ಫೋನ್ ಮಾಡಿದಾಗ ನಾನು ಲಾಂಡ್ರಿಯಲ್ಲಿ, ನಿಂತುಹೋದ ಯಂತ್ರಗಳ ನಡುವೆ ಒಬ್ಬಳೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ.

ಸೈನಿಕರ ಆಸ್ಪತ್ರೆಯ ಬಟ್ಟೆ ಒಗೆಯುವ ಗುತ್ತಿಗೆ ನಮಗೆ ಸಿಕ್ಕಿತ್ತು. ಸೋತ ಕಂಪನಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗೆ ತಕರಾರು ಸಲ್ಲಿಸಿದ್ದೇ ಕೆಲಸ ನಿಲ್ಲಿಸಬೇಕಾಯಿತು. ಹದಿನಾಲ್ಕು ಹೆಂಗಸರನ್ನು ನಾನೇ ಮನೆಗೆ ಕಳಿಸಿದೆ. ಅದಾಗಿ ಐದು ವಾರ.

"ಗುತ್ತಿಗೆ ಕೊಟ್ಟ ಹತ್ತನೇ ದಿನ ಸಂಜೆ ಐದೂವರೆಯೊಳಗೆ ತಕರಾರು ಹಾಕ್ಬೇಕಿತ್ತು, ರೋಬರ್ಟಾ. ಅವ್ರು ಹಾಕಿದ್ದು ಐದು ನಲವತ್ತೆರಡಕ್ಕೆ. ಹನ್ನೆರಡು ನಿಮಿಷ ತಡ."

"ಹಾಗಾದ್ರೆ ನಮ್ಮ ಟೆಂಡರ್ ಸರಿಯಾಗಿತ್ತು ಅಂತ ಹೇಳಿದ್ರಾ?"

"ಅದರ ತಂಟೆಗೇ ಹೋಗಿಲ್ಲ. ಗೆದ್ದಿದೀಯಲ್ಲ, ಸುಮ್ನೆ ಊಟ ಮಾಡು."

ಮೊದಲು ಡೆಲ್ಫೀನ್‌ಗೆ ಫೋನ್ ಮಾಡಿದೆ. ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ವಿಭಾಗ ಅವಳದೇ. ಸೋಮವಾರ ಬಾ ಅಂದೆ.

"ಎರಡು ಕಡೆ ಕೆಲಸ ಕೇಳ್ಕೊಂಡು ಹೋಗಿದ್ದೆ ಕಣೆ," ಅಂದಳು. "ನಿನ್ನಷ್ಟು ಬೈಯೋ ಯಜಮಾನಿ ಎಲ್ಲೂ ಸಿಗ್ಲಿಲ್ಲ."

ಅವಳು ಮೂಗು ಸೀಟಿಕೊಳ್ಳುವುದು ಕೇಳಿಸಿತು.

ಗೆಲ್ಲಿಸಿದ್ದು ನನ್ನ ಕೆಲಸವೋ ಗಡಿಯಾರವೋ, ಇನ್ನು ಯಾರೂ ಹೇಳುವುದಿಲ್ಲ. ಆ ಟೆಂಡರಿನ ಒಂದೊಂದು ಸಾಲನ್ನೂ ನಾನೇ ಬರೆದಿದ್ದೆ. ಒಬ್ಬರಾದರೂ ಕೂತು ಓದಿ, ಸರಿಯಿದೆ ಅನ್ನಬೇಕಿತ್ತು ಎಂದು ಮನಸ್ಸು ಇನ್ನೂ ಹಟ ಮಾಡುತ್ತಿದೆ. ಇರಲಿ. ನಾಳೆ ಬಾಯ್ಲರ್ ಹಚ್ಚಿ ನೋಡಬೇಕು, ಉಳಿದ ಹದಿಮೂರು ಜನಕ್ಕೂ ನಾನೇ ಹೇಳಬೇಕು. ಐದು ವಾರದಲ್ಲಿ ಇವತ್ತೇ ಮೊದಲ ಸಲ ಹತ್ತು ಗಂಟೆಗೇ ಕಣ್ಣು ಎಳೆಯುತ್ತಿದೆ, ಪೆನ್ನು ಕೈಯಿಂದ ಜಾರುತ್ತಿದೆ.